ಆಣೆ ಮಾಡಿ ದುಡ್ಡು ತಗೊಂಡು ಬೇರೆಯವ್ರಿಗೆ ವೋಟ್ ಹಾಕಿದಾರೆ ನಮ್ಮಮ್ಮ, ಈಗ ದೇವ್ರ ಭಯ. ಏನ್ ಹೇಳ್ಲಿ?

ತೆಂಗಿನತೋಟ:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ನಮ್ಮದು ತುಮಕೂರು ಕಡೆ ಒಂದು ಹಳ್ಳಿ, ಹೆಸರು ಬೇಡ. ನಾನಿರೋದು ಬೆಂಗಳೂರಲ್ಲಿ, ಅಮ್ಮ ಒಬ್ರೇ ಊರಲ್ಲಿ, ಎರಡು ಹಸು ಸ್ವಲ್ಪ ತೆಂಗು. 2023ರ ವಿಧಾನಸಭೆ ಎಲೆಕ್ಷನ್ ಟೈಮಲ್ಲಿ, ವೋಟಿಂಗ್ ಮೇ 10ಕ್ಕೆ ಅಲ್ವಾ, ಅದಕ್ಕೆ ಎರಡು ದಿನ ಮುಂಚೆ ರಾತ್ರಿ ಒಂದು ಪಾರ್ಟಿ ಹುಡುಗ್ರು ಮನೆಮನೆಗೆ ಬಂದಿದಾರೆ. ಕೈಯಲ್ಲಿ ಸ್ಟೀಲ್ ತಟ್ಟೆ, ತಟ್ಟೇಲಿ ಮಂಜುನಾಥ ಸ್ವಾಮಿ ಫೋಟೋ, ಅರಿಶಿನ ಕುಂಕುಮ, ವೀಳ್ಯದೆಲೆ, ಎಲೆ ಕೆಳಗೆ ಐನೂರರ ಎರಡು ನೋಟು, ಪಕ್ಕದಲ್ಲಿ ಕರ್ಪೂರ ಹಚ್ಚಿದಾರೆ. ಕರ್ಪೂರದ ಮೇಲೆ ಕೈ ಇಟ್ಟು 'ನಮ್ ಮನೆ ವೋಟು ನಿಮಗೇ ಅಂತ ಹೇಳಮ್ಮ' ಅಂದಿದಾರೆ. ಅಮ್ಮ ಹೇಳಿದಾರೆ, ದುಡ್ಡೂ ತಗೊಂಡಿದಾರೆ. ಬೇಡ ಅಂತ ಕಳ್ಸೋಕಾಗ್ತಿರ್ಲಿಲ್ವಾ ಅಂತ ನಾನು ಕೇಳಿದ್ದಕ್ಕೆ 'ಉರಿಯೋ ಕರ್ಪೂರನ ಬಾಗ್ಲಿಂದ ವಾಪಸ್ ಕಳಿಸ್ತಾರೇನೋ' ಅಂದ್ರು.

ಆದ್ರೆ ಬೂತಲ್ಲಿ ನಿಂತಾಗ ಮನಸ್ಸು ಬೇರೆ ಆಗಿದೆ. ಇನ್ನೊಬ್ಬ ಕ್ಯಾಂಡಿಡೇಟು ನಮ್ಮಪ್ಪನಿಗೆ ಹುಷಾರಿಲ್ದಾಗ ಅರ್ಧರಾತ್ರಿಲಿ ಗಾಡಿ ಕಳಿಸಿದ್ರು, ಆ ಋಣ ಇತ್ತು, ಅವರಿಗೇ ಒತ್ತಿ ಬಂದಿದಾರೆ. ಇದ್ಯಾವ್ದೂ ನನಗೆ ಗೊತ್ತೇ ಇರ್ಲಿಲ್ಲ.

ಅದಾದ್ ಮೇಲೆ ಒಂದು ಹಸು ಕಂದು ಹಾಕ್ತು, ಮುಂದಿನ ಬೇಸಿಗೇಲಿ ಬೋರು ನಿಂತೋಯ್ತು, ಈಗ ಮಂಡಿನೋವು. ಮೂರಕ್ಕೂ ಕಾರಣ ಒಂದೇ ಅಂತ ಅಮ್ಮ ಒಳಗೊಳಗೇ ತೀರ್ಮಾನ ಮಾಡ್ಕೊಂಡು ಕೂತಿದಾರೆ, ಎರಡು ವರ್ಷದ ಮೇಲಾಯ್ತು ಯಾರ್ಗೂ ಹೇಳಿಲ್ಲ. ಈಗ ಪಂಚಾಯ್ತಿ ಎಲೆಕ್ಷನ್ ಮಾತು ಶುರುವಾಗಿ ಅದೇ ಹುಡುಗ್ರು ಬಂದು 'ಈ ಸಲನೂ ನೆನಪಿಟ್ಕೊಳಮ್ಮ' ಅಂದೋದ್ಮೇಲೆ ಫೋನ್ ಮಾಡಿ ಅತ್ತರು. ಅಮ್ಮ, ಅಲ್ಲಿ ರಟ್ಟಿನ ಮರೆ ಇರತ್ತೆ, ನೀನು ಯಾರಿಗೆ ಒತ್ತಿದೆ ಅಂತ ಯಾರ್ಗೂ ಕಾಣಲ್ಲ ಅಂದೆ. 'ಸ್ವಾಮಿಗೂ ಮರೆನಾ' ಅಂದ್ರು.

ನಾನು ಅಷ್ಟೇನೂ ದೇವ್ರ ಭಕ್ತ ಅಲ್ಲ. ಮೂಢನಂಬಿಕೆ ಅಂತ ಬೈದು ಸುಮ್ನಾಗಿಸ್ಬೋದು, ಆದ್ರೆ ಅವರು ಸುಮ್ನಾಗಲ್ಲ, ಬಾಯಿ ಮುಚ್ಕೋತಾರೆ ಅಷ್ಟೇ. ನನ್ನ ಪ್ರಶ್ನೆ ಎರಡು. ಹಿಂಗೆ ದೇವ್ರ ಮೇಲೆ ಆಣೆ ಹಾಕ್ಸೋದು ಕಾನೂನಲ್ಲಿ ತಪ್ಪಾ? ಇನ್ನೊಂದು, ಇದು ಸ್ವಲ್ಪ ದೊಡ್ಡದು, ದೇವ್ರ ನಂಬಿಕೆಗೂ ವೋಟಿಗೂ ಸಂಬಂಧ ಇರ್ಬಾರ್ದು ಅಂತಾರಲ್ಲ, ನಮ್ಮಮ್ಮನ ಥರದವರ ತಲೇಲಿ ಅದೆರಡನ್ನ ಬೇರೆ ಮಾಡೋದು ಹೆಂಗೆ?

ಕರಿಕೋಟು:

ಮೊದಲನೇದಕ್ಕೆ ಉತ್ತರ: ಹೌದು ತಪ್ಪು, ಅದೂ ನಿಮ್ಮಮ್ಮನ್ನ ನೋಡ್ಕೊಂಡೇ ಬರೆದ ಹಾಗಿರೋ ತಪ್ಪು. 1951ರ ಪ್ರಜಾಪ್ರತಿನಿಧಿ ಕಾಯ್ದೆ ಸೆಕ್ಷನ್ 123(2) ತೆಗೆದು ನೋಡಿ. ಇಂಥವರಿಗೆ ವೋಟ್ ಹಾಕಿದ್ರೆ ಅಥವಾ ಹಾಕದೇ ಇದ್ರೆ ದೈವಕೋಪಕ್ಕೆ ಗುರಿಯಾಗ್ತೀಯ ಅಂತ ಮತದಾರರನ್ನ ನಂಬಿಸೋದು, ನಂಬಿಸೋಕೆ ಪ್ರಯತ್ನ ಮಾಡೋದು, ಎರಡೂ ಭ್ರಷ್ಟ ಆಚರಣೆ. ಇದೇ ಮಾತು ಐಪಿಸಿ 171ಸಿಯಲ್ಲೂ ಇತ್ತು, ಅದನ್ನ ಸೇರಿಸಿದ್ದು 1920ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅಂದ್ರೆ ನೋಡಿ, ನಮ್ಮಲ್ಲಿ ಎಲ್ರಿಗೂ ವೋಟು ಸಿಗೋದಕ್ಕೆ ಮೂವತ್ತು ವರ್ಷ ಮುಂಚೆನೇ ವೋಟಿಗೆ ದೇವ್ರನ್ನ ತೋರ್ಸಿ ಹೆದರಿಸೋ ಜನ ಇರ್ತಾರೆ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 171ನೇ ಸೆಕ್ಷನ್ನು.

ಈ ವಿಷಯದಲ್ಲಿ ಹಳೇ ಕೇಸು ರಾಮ್ ದಯಾಳ್ ವರ್ಸಸ್ ಸಂತ್ ಲಾಲ್, ಸುಪ್ರೀಂ ಕೋರ್ಟು 1959. ಆಗಿನ ಪಂಜಾಬಿನ ಸಿರ್ಸಾ ಕ್ಷೇತ್ರ, 1957ರ ಎಲೆಕ್ಷನ್ನು. ನಾಮಧಾರಿ ಸಿಖ್ಖರ ಗುರುಗಳು ಇಂಥವರಿಗೇ ಹಾಕಿ ಅಂತ ಹುಕುಂ ಹೊರಡಿಸಿದ್ರು. ಕೋರ್ಟ್ ಹೇಳಿದ್ದು ಸ್ಥೂಲವಾಗಿ ಏನಂದ್ರೆ, ಧರ್ಮಗುರುಗೆ ತನ್ನ ಅಭಿಪ್ರಾಯ ಹೇಳೋ ಹಕ್ಕು ಇದೆ, ಪ್ರಚಾರ ಮಾಡೋದಕ್ಕೂ ಅಡ್ಡಿ ಇಲ್ಲ, ಆದ್ರೆ ಭಕ್ತನಿಗೆ ಬೇರೆ ದಾರಿನೇ ಇಲ್ಲ ಅನ್ನಿಸೋ ಹಾಗೆ, ಮೀರಿದ್ರೆ ದೇವ್ರು ಮುನಿತಾನೆ ಅನ್ನೋ ಹಾಗೆ ಹೇಳಿದ್ರೆ ಅದು ಅನುಚಿತ ಪ್ರಭಾವ. ಗೆದ್ದವನ ಎಲೆಕ್ಷನ್ ರದ್ದಾಯ್ತು.

ಈಗ ನಿಮ್ಮ ಹುಡುಗ್ರು ಏನಂತಾರೆ? ನಾವು ದೇವ್ರು ಶಾಪ ಕೊಡ್ತಾನೆ ಅಂತ ಎಲ್ಲಿ ಹೇಳಿದ್ವಿ, ಸುಮ್ನೆ ಮಾತು ತಗೊಂಡ್ವಿ ಅಂತಾರೆ. ನನ್ನ ಕೇಳಿದ್ರೆ ಬಾಯಲ್ಲಿ ಹೇಳ್ಬೇಕಾಗೇ ಇಲ್ಲ. ಕರ್ಪೂರ ಹಚ್ಚೋದೇ ಅದಕ್ಕೆ. ಆದ್ರೆ ಕೋರ್ಟಲ್ಲಿ ಗೆಲ್ಲೋದು ಬೇರೆ ಮಾತು. ಎಲೆಕ್ಷನ್ ಪಿಟಿಷನ್ ಹಾಕೋಕೆ ಫಲಿತಾಂಶದಿಂದ 45 ದಿನ ಟೈಮು, ಅದೂ ಹೈಕೋರ್ಟಲ್ಲಿ. ಹುಡುಗ್ರು ಬಂದಿದ್ದು ಕ್ಯಾಂಡಿಡೇಟಿಗೆ ಗೊತ್ತಿತ್ತು, ಅವನ ಒಪ್ಪಿಗೆ ಇತ್ತು ಅಂತ ಸಾಬೀತು ಮಾಡ್ಬೇಕು. ಯಾವ ಹೆಂಗಸು ಬಂದು ಕಟಕಟೇಲಿ ನಿಂತು ಹೌದು ನಾನು ದುಡ್ಡು ತಗೊಂಡೆ ಅಂತಾಳೆ? ತಗೊಂಡಿದ್ದೂ ಅಪರಾಧನೇ ಅಲ್ವಾ. ಹಾಗಂತ ಗಾಬರಿ ಆಗ್ಬೇಡಿ, ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಒಂದು ವರ್ಷದೊಳಗೇ ಕೇಸು ಆಗ್ಬೇಕು, 2023ರದ್ದು ಮುಗಿದ ಕತೆ. ಯಾರಿಗೆ ಹಾಕಿದ್ರಿ ಅಂತ ಕೋರ್ಟು ಕೂಡ ಅವರನ್ನ ಕೇಳೋ ಹಾಗಿಲ್ಲ, 94ನೇ ಸೆಕ್ಷನ್ನು.

ಒಂದು ಹೊಟ್ಟೆಉರಿ ಹೇಳ್ಕೋತೀನಿ. ಟಿವಿಲಿ ಧರ್ಮ ಮತ್ತೆ ಎಲೆಕ್ಷನ್ ಅಂದ ತಕ್ಷಣ ಎಲ್ರೂ ಮಾತಾಡೋದು 123(3), ಅಂದ್ರೆ ಧರ್ಮ, ಜಾತಿ, ಭಾಷೆ ಹೆಸರಲ್ಲಿ ವೋಟ್ ಕೇಳೋದು. ಅದರ ಮೇಲೆ 2017ರ ಜನವರಿ 2ಕ್ಕೆ ಏಳು ಜಡ್ಜುಗಳ ತೀರ್ಪು ಬಂತು, ಕ್ಯಾಂಡಿಡೇಟಿನ ಧರ್ಮ ಮಾತ್ರ ಅಲ್ಲ ವೋಟರ್ ಧರ್ಮ ಹಿಡಿದು ಕೇಳಿದ್ರೂ ತಪ್ಪೇ ಅಂತ, ನಾಲ್ಕು ಜನ ಒಂದ್ಕಡೆ ಮೂರು ಜನ ಇನ್ನೊಂದ್ಕಡೆ. ದೊಡ್ಡ ಸ್ಟೇಜಿನ ಭಾಷಣಕ್ಕೆ ಅದು ಸರಿ. ರಾತ್ರಿ ಹನ್ನೊಂದಕ್ಕೆ ತಟ್ಟೆ ಹಿಡ್ಕೊಂಡು ಬಾಗಿಲು ತಟ್ಟೋದರ ಬಗ್ಗೆ ಯಾವ ಚಾನೆಲ್ಲೂ ಮಾತಾಡಲ್ಲ.

ಬೀಡಿಕಟ್ಟು:

ಸಾವಿರ ರೂಪಾಯಿ ತಗೊಂಡಾಗ ಇಲ್ದೇ ಇರೋ ದೇವ್ರ ಭಯ ಹಸು ಕಂದಾಕಿದಾಗ ಬಂತಾ 😀 ತಮಾಷೆಗೆ ಅಂದೆ ಗುರು, ಬೇಜಾರಾಗ್ಬೇಡ. ನಮ್ಮೂರಲ್ಲಿ ಇದಕ್ಕಿಂತ ಮುಂದೆ ಹೋಗಿದಾರೆ. 2020ರ ಡಿಸೆಂಬರ್ ಪಂಚಾಯ್ತಿ ಎಲೆಕ್ಷನ್‌ನಲ್ಲಿ ಎಷ್ಟೋ ಕಡೆ ಮೆಂಬರ್ ಸೀಟೇ ಹರಾಜಾಗಿ ಪೇಪರಲ್ಲಿ ಬಂತಲ್ಲ, ಚುನಾವಣಾ ಆಯೋಗ ಇದು ನಡಿಯಲ್ಲ ಅಂತ ಎಚ್ಚರಿಕೆ ಕೊಡ್ತಲ್ಲ, ನಮ್ಮಲ್ಲೂ ಅದೇ ಆಗಿದ್ದು. ದೇವಸ್ಥಾನದ ಕಟ್ಟೆ ಮೇಲೆ ಊರವರೆಲ್ಲ ಕೂತು ಯಾರು ಜಾಸ್ತಿ ಕೂಗ್ತಾರೋ ಅವರು ಅವಿರೋಧ, ದುಡ್ಡು ಗೋಪುರಕ್ಕೆ. ಯಾರಾದ್ರೂ ನಾಮಿನೇಷನ್ ಹಾಕಿದ್ರೆ ಅವನು ದೇವ್ರ ಕೆಲಸಕ್ಕೆ ಅಡ್ಡ ಬಂದವನು. ನಮ್ಮ ಚಿಕ್ಕಪ್ಪನ ಮಗ ಹಾಕೋಕೆ ಹೋದ, ಅವರಮ್ಮನೇ ಕಾಲಿಗೆ ಬಿದ್ದು ವಾಪಸ್ ತೆಗೆಸಿದ್ರು. ಇವತ್ತು ಗೋಪುರ ಚೆನ್ನಾಗಿದೆ. ಚರಂಡಿ ಮಾತ್ರ ಕೇಳ್ಬೇಡಿ, ಯಾಕಂದ್ರೆ ಕೇಳೋಕೆ ಹೋದ್ರೆ 'ನಾನು ನಿಮ್ಮ ವೋಟಿಂದ ಗೆದ್ದಿದ್ದಾ' ಅಂತಾನೆ, ಅವನು ಹೇಳೋದೂ ನಿಜನೇ.

ಮಠದಾಗ ಉಂಡಾಂವ:

ನಾ ಗದಗ ಜಿಲ್ಲಾದಾಂವ ರೀ. ಐದನೇತ್ತಿಂದ ಎಸ್ಸೆಸ್ಸೆಲ್ಸಿ ತನಕ ಒಂದು ಮಠದ ಬೋರ್ಡಿಂಗ್‌ನ್ಯಾಗ ಉಂಡು ಬೆಳದೇನಿ, ಹಂಗಾಗಿ ನನ್ನ ಮಾತು ಒಂದ್ ಕಡೆ ವಾಲಿದ್ರ ಮೊದಲ ಹೇಳಿಬಿಟ್ಟೇನಿ, ಆಮ್ಯಾಲೆ ಬೈಬ್ಯಾಡ್ರಿ.

ಎಲ್ಲಾರೂ ದೇವರ ಭಯ ತಪ್ಪು ತಪ್ಪು ಅನ್ನಾಕತ್ತೀರಿ. ಆತು. ಆದ್ರ ನಂಬಿಕಿ ಅಂದ್ರ ಬರೇ ಭಯ ಏನ್ರಿ? ಮುಂಜಾನೆ ನಾಕೂವರೆಗೆ ಗಂಟಿ ಹೊಡದ್ರ ನಾವು ಮುನ್ನೂರು ಹುಡುಗ್ರು ಸಾಲಾಗಿ ಕುಂತು ಗೋಧಿ ಉಪ್ಪಿಟ್ಟು ತಿಂತಿದ್ವಿ, ಯಾವ ಜಾತಿಯಾಂವ ಬಾಜೂಕ ಕುಂತಾನ ಅನ್ನೂದು ಕೇಳೂ ಹಂಗಿರಲಿಲ್ಲ. ಸಿದ್ಧಗಂಗಾದಾಗ ಶಿವಕುಮಾರ ಸ್ವಾಮೇರು 2019ರಾಗ ಲಿಂಗೈಕ್ಯ ಆಗೂ ತನಕ ಸಾವಿರಾರು ಹುಡುಗ್ರಿಗೆ ಅದನ್ನ ಮಾಡಿದ್ರು. ಇಂಥಲ್ಲಿ ಕಲತಾಂವ ದೊಡ್ಡಾಂವಾಗಿ ರಾಜಕೀಯಕ್ಕ ಬಂದ್ರ ಮಠ ಹೊರಗ ಬಿಟ್ಟು ಬಾ ಅಂದ್ರ ಎಲ್ಲಿ ಬಿಡಬೇಕು ಅಂವ? ಮೈಯಾಗಿನ ಅನ್ನ ಅದು.

ಇನ್ನೊಂದು. 2011ರಾಗ ನಮ್ಮ ಹಳ್ಳಿಗುಡಿ ಕಡೆ ಪೋಸ್ಕೋ ಉಕ್ಕಿನ ಕಾರ್ಖಾನಿಗೆ ಸಾವಿರಾರು ಎಕರೆ ಭೂಮಿ ತಗೊಳ್ಳಾಕ ಬಂದ್ರು. ಆವಾಗ ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೇರು ರೈತರ ಜೋಡಿ ಬೀದಿಗೆ ಇಳದ್ರು. ಕಾರ್ಖಾನಿ ಬರಲಿಲ್ಲ, ಭೂಮಿ ಉಳೀತು. ಅದು ರಾಜಕೀಯ ಅಲ್ಲನು? ಅಪ್ಪಟ ರಾಜಕೀಯ. ಕಾವಿ ಹಾಕ್ಕೊಂಡಾರ ಅನ್ನೂ ಕಾರಣಕ್ಕ ಅವತ್ತು ಅವರು ಸುಮ್ನ ಕುಂತಿದ್ರ ಏನಾಗ್ತಿತ್ತು ನೀವ ವಿಚಾರ ಮಾಡ್ರಿ. ನಮ್ಮ ಅಪ್ಪ ಓದಿದಾಂವ ಅಲ್ಲ, ಅಂವಗ ಕಂಪನಿ, ಕೆಐಎಡಿಬಿ, ನೋಟಿಫಿಕೇಶನ್ ಒಂದೂ ತಿಳೀತಿರಲಿಲ್ಲ. ಅಜ್ಜಾರು ಕೊಡಬ್ಯಾಡ್ರಿ ಅಂದ್ರು ಅಂದ್ರ ಕೊಡಬಾರದು, ಅಷ್ಟ ತಿಳೀತು.

ಹಂಗಂತ ಎಲ್ಲಾ ಛಲೋ ಐತಿ ಅನ್ನಾಂಗಿಲ್ಲ ನಾ. 2020ರ ಜನವರಿ ಸಂಕ್ರಮಣದ ಹೊತ್ತಿಗೆ ಹರಿಹರದಾಗ ಏನಾತು ನೆನಪೈತಿ ಅಲ್ರಿ? ಸ್ಟೇಜ್ ಮ್ಯಾಲೆ ಮುಖ್ಯಮಂತ್ರಿ ಯಡಿಯೂರಪ್ಪ ಕುಂತಾರ, ಬಾಜೂಕ ಸ್ವಾಮೇರು ಮೈಕ್ ಹಿಡದು ನಮ್ಮ ಸಮಾಜದ ಇಂಥಾವರನ್ನ ಮಂತ್ರಿ ಮಾಡ್ರಿ, ಇಲ್ಲಂದ್ರ ಸಮಾಜ ನಿಮ್ಮ ಕೈ ಬಿಡತೈತಿ ಅಂದ್ರು. ಸಾಹೇಬ್ರು ಸಿಟ್ಟಿಲೆ ಎದ್ದು ನಿಂತ್ಬಿಟ್ರು. ಟಿವಿಯಾಗ ನೋಡಿ ನಂಗ ನಾಚಿಕಿ ಬಂತು ಖರೇನ.

ಅಲ್ಲಿ ಕಾವಿ ಬ್ಯಾರೆ ಇಲ್ಲಿ ಕಾವಿ ಬ್ಯಾರೆ ಅಂತ ಹೇಳಾಕ ಬರಂಗಿಲ್ಲ, ಎರಡೂ ಕಡೆ ಭಕ್ತರ ಬಲದ ಮ್ಯಾಲೇ ಮಾತಾಡಿದ್ದು. ಒಂದ್ ಕಡೆ ರೈತರಿಗೆ ಭೂಮಿ ಉಳೀತು, ಇನ್ನೊಂದ್ ಕಡೆ ಒಬ್ಬಾಂವಗ ಕುರ್ಚಿ ಕೇಳಿದ್ರು. ಇಷ್ಟ ವ್ಯತ್ಯಾಸ ಸಾಕೇನು ಅಂತ ಯಾರಾರ ಕೇಳಿದ್ರ, ನಾ ಸಾಕು ಅಂತೀನಿ. ಕರಿಕೋಟು ಅವರು ಏನಂತಾರೋ.

ಕರಿಕೋಟು:

@ಮಠದಾಗ ಉಂಡಾಂವ, ನಾನೂ ಸಾಕು ಅಂತೀನಿ, ಆದ್ರೆ ಕಾನೂನು ಆ ವ್ಯತ್ಯಾಸ ನೋಡಲ್ಲ. 1988ರದ್ದೊಂದು ಕಾಯ್ದೆ ಇದೆ, ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಅಂತ. ದೇವಸ್ಥಾನ, ಮಠ, ಮಸೀದಿ, ಚರ್ಚು ಯಾವ್ದೇ ಆಗ್ಲಿ ಅದರ ಆವರಣನ ರಾಜಕೀಯ ಚಟುವಟಿಕೆಗೆ ಬಳಸೋ ಹಾಗಿಲ್ಲ. ಹೆಚ್ಚಿನ ವಕೀಲರಿಗೇ ಈ ಕಾಯ್ದೆ ನೆನಪಿರಲ್ಲ. ಎಲೆಕ್ಷನ್ ಬಂದ್ರೆ ಮೂರೂ ಪಾರ್ಟಿ ಅಧ್ಯಕ್ಷರು ಸಾಲಾಗಿ ಮಠಕ್ಕೆ ಹೋಗಿ ಫೋಟೋ ಹೊಡಿಸ್ಕೋತಾರೆ, ಅದು ಆಶೀರ್ವಾದವೋ ಚಟುವಟಿಕೆಯೋ ನೀವೇ ಹೇಳಿ. ಇನ್ನು ನಿಮ್ಮ ಹುಬ್ಬಳ್ಳಿ ಕಡೆ ಎಸ್.ಆರ್. ಬೊಮ್ಮಾಯಿ ಅವರ ಕೇಸು, 1989ರಲ್ಲಿ ಅವರ ಸರ್ಕಾರ ವಜಾ ಆಗಿದ್ದಕ್ಕೆ ಹಾಕಿದ್ದು, 1994ರಲ್ಲಿ ಒಂಬತ್ತು ಜಡ್ಜುಗಳು ತೀರ್ಪು ಕೊಟ್ಟಾಗ ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಅಂದ್ರು. ಬಹುಮತ ಸದನದಲ್ಲೇ ಸಾಬೀತಾಗ್ಬೇಕು ಅಂತ ಶುರುವಾದ ಕನ್ನಡಿಗರ ಕೇಸು ಇಡೀ ದೇಶಕ್ಕೆ ಅಲ್ಲಿಗೆ ಹೋಗಿ ನಿಂತಿದ್ದು ನನಗೆ ಈಗಲೂ ಆಶ್ಚರ್ಯ.

ರಿಟೈರ್ಡ್ ಮೇಷ್ಟ್ರು:

ಮೂವತ್ತೆರಡು ವರ್ಷ ಸರ್ವೀಸಲ್ಲಿ ಎಷ್ಟು ಎಲೆಕ್ಷನ್ ಡ್ಯೂಟಿ ಮಾಡಿದೀನೋ ಲೆಕ್ಕ ಇಟ್ಟಿಲ್ಲ. ಮಸ್ಟರಿಂಗ್ ಸೆಂಟರಲ್ಲಿ ಬಿಸಿಲಲ್ಲಿ ಕಾದು, ಡಬ್ಬ ಹೊತ್ಕೊಂಡು ಬಸ್ ಹತ್ತಿ, ರಾತ್ರಿ ಸ್ಕೂಲ್ ಬೆಂಚ್ ಮೇಲೆ ಸೊಳ್ಳೆ ಹೊಡ್ಕೊಂಡು ಮಲಗಿ. ಹಂಗಾಗಿ ಬೂತ್ ಒಳಗೆ ನಾನು ಕಂಡಿದ್ದನ್ನ ಹೇಳ್ತೀನಿ, ಕಾನೂನು ಕರಿಕೋಟು ಅವರಿಗಿರ್ಲಿ.

ಬೂತನ್ನ ಗುಡಿ ಮಸೀದಿ ಒಳಗೆ ಮಾಡೋ ಹಾಗಿಲ್ಲ ಅಂತ ಆಯೋಗದ ನಿಯಮ. ಸರಿ, ಸ್ಕೂಲಲ್ಲಿ ಮಾಡ್ತೀವಿ. ಆದ್ರೆ ಜನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರ್ತಾರೆ! ಬೇಡ ತಾಯಿ ಹಾಕ್ಕೊಂಡೇ ಬನ್ನಿ ಅಂದ್ರೂ ಕೇಳಲ್ಲ. ಎಷ್ಟೋ ಜನ ಮಿಷನ್ನಿಗೆ ಕೈ ಮುಗಿದೇ ಒತ್ತೋದು. ಒಬ್ಬ ಅಜ್ಜಿ, ಎಂಬತ್ತು ದಾಟಿರ್ಬೇಕು, ರಟ್ಟಿನ ಹಿಂದೆ ಹೋದವರು ಎಷ್ಟು ಹೊತ್ತಾದ್ರೂ ಬೀಪ್ ಬರ್ಲಿಲ್ಲ. ಅಜ್ಜಿ ಒತ್ತಿದ್ರಾ ಅಂತ ಇಲ್ಲಿಂದಲೇ ಕೂಗಿದೆ. 'ತಡಿಯಪ್ಪ, ಒಂದ್ ಮಾತು ಕೇಳ್ಕೊತಾ ಇದೀನಿ' ಅಂದ್ರು. ಯಾರನ್ನ ಕೇಳ್ತಾ ಇದ್ರು ಅಂತ ನಾನು ಕೇಳ್ಲಿಲ್ಲ, ಏಜೆಂಟುಗಳೂ ನಗ್ಲಿಲ್ಲ. ಆಮೇಲೆ ಬೀಪ್ ಬಂತು, ಬೆರಳ ಶಾಯಿ ಸೆರಗಿಗೆ ತಾಗ್ದಂಗೆ ಎತ್ತಿ ಹಿಡ್ಕೊಂಡು ಹೋದ್ರು.

ಈ ಅಜ್ಜಿ ಮಾಡಿದ್ದು ಧರ್ಮನ ರಾಜಕೀಯಕ್ಕೆ ಬೆರೆಸಿದ್ದು ಅಂತೀರಾ? ನಾನು ಹಂಗನ್ನಲ್ಲ. ಅಜ್ಜಿ ಮತ್ತೆ ಅವರ ದೇವ್ರು, ಇಬ್ರೇ ಇದ್ರು ಅಲ್ಲಿ. ತೆಂಗಿನತೋಟ ಅವರ ಅಮ್ಮನ ಕೇಸಲ್ಲಿ ಮಧ್ಯೆ ಮೂರನೆಯವನು ತಟ್ಟೆ ಹಿಡ್ಕೊಂಡು ಬಂದ. ಗಲಾಟೆ ಅಲ್ಲಿಂದ ಶುರು.

ಮೇಷ್ಟ್ರಾಗಿದ್ದಕ್ಕೆ ಒಂದು ಹಳೇ ಕತೆ ಹೇಳ್ದೆ ಇರೋಕಾಗಲ್ಲ. 1949ರ ಅಕ್ಟೋಬರ್ 17, ಸಂವಿಧಾನ ಸಭೆಯಲ್ಲಿ ಪೀಠಿಕೆ ಚರ್ಚೆಗೆ ಬಂದ ದಿನ. ಎಚ್.ವಿ. ಕಾಮತ್ ಅಂತ ಸದಸ್ಯರು, ನಮ್ಮ ಮಂಗಳೂರಲ್ಲಿ ಹುಟ್ಟಿದವರು, ಸಭೆಗೆ ಬಂದಿದ್ದು ಮಧ್ಯಪ್ರಾಂತ್ಯದಿಂದ, ಅವರು ಪೀಠಿಕೆ 'ದೇವರ ಹೆಸರಿನಲ್ಲಿ' ಅಂತ ಶುರುವಾಗ್ಲಿ ಅಂತ ತಿದ್ದುಪಡಿ ತಂದ್ರು. ತಕ್ಷಣ ಇನ್ನೊಬ್ರು ಎದ್ದು ದೇವರು ಯಾಕೆ, ದೇವಿ ಅನ್ನಿ ಅಂದ್ರು. ತಿರುವಾಂಕೂರಿನ ಥಾನು ಪಿಳ್ಳೈ ಎದ್ದು, ನಾನು ಆಸ್ತಿಕನೇ, ಆದ್ರೆ ಇದು ನಂಬಿಕೆ ವಿಷಯದಲ್ಲಿ ಬಲವಂತ ಆಗತ್ತೆ ಅಂದ್ರು. ಪೂರ್ಣಿಮಾ ಬ್ಯಾನರ್ಜಿ ಅವರು ದೇವರನ್ನ ವೋಟಿಗೆ ಹಾಕೋ ಮುಜುಗರಕ್ಕೆ ನಮ್ಮನ್ನ ಸಿಕ್ಕಿಸ್ಬೇಡಿ ಅಂತ ಕೇಳ್ಕೊಂಡ್ರು. ಕಾಮತರು ಬಿಡ್ಲಿಲ್ಲ, ಮತಕ್ಕೆ ಹಾಕಿಸಿದ್ರು. ಪರವಾಗಿ 41, ವಿರುದ್ಧ 68. ದೇವರು ಸೋತರು ಅಂತ ನಾನು ಕ್ಲಾಸಲ್ಲಿ ಹೇಳ್ತಿದ್ದೆ, ಹುಡುಗ್ರು ನಗ್ತಿದ್ರು. ಆದ್ರೆ ಆ 68 ಜನ ನಾಸ್ತಿಕರೇನಲ್ಲ ನೋಡಿ. ಬಹಳಷ್ಟು ಜನ ಬೆಳಿಗ್ಗೆ ಪೂಜೆ ಮಾಡಿನೇ ಸಭೆಗೆ ಬಂದಿರ್ತಾರೆ.

ಅದೇ ಸಭೆ ಪ್ರಮಾಣ ವಚನದಲ್ಲಿ ಮಾತ್ರ ಎರಡು ದಾರಿ ಇಟ್ರು, ದೇವರ ಹೆಸರಲ್ಲಾದ್ರೂ ಮಾಡಿ, ಸತ್ಯನಿಷ್ಠೆಯಿಂದ ಅಂತಾದ್ರೂ ಮಾಡಿ. ನಮ್ಮವರು ಅದಕ್ಕೆ ಮೂರನೇದು ನಾಲ್ಕನೇದು ಸೇರಿಸ್ಕೊಂಡ್ರು. ಗೋಮಾತೆ ಹೆಸರಲ್ಲಿ ಮಾಡಿದವರಿದಾರೆ, 2023ರಲ್ಲಿ ಡಿ.ಕೆ. ಶಿವಕುಮಾರ್ ಅವರ ಗುರು ಗಂಗಾಧರ ಅಜ್ಜನ ಹೆಸರಲ್ಲಿ ಮಾಡಿದ್ರು. ಕೇರಳದಲ್ಲಿ 2001ರಲ್ಲಿ ಒಬ್ಬ ಶಾಸಕರು ನಾರಾಯಣ ಗುರುಗಳ ಹೆಸರಲ್ಲಿ ಮಾಡಿದ್ದಕ್ಕೆ ಹೈಕೋರ್ಟು ಅದು ಪ್ರಮಾಣವೇ ಅಲ್ಲ ಅಂತು. ಇಲ್ಲಿ ನಡೆಯತ್ತೆ, ಚಪ್ಪಾಳೆನೂ ಬೀಳತ್ತೆ.

ಘಟ್ಟದ ಕೆಳಗಿನವ:

ಮಾರಾಯ್ರೆ, ಎಲ್ಲರೂ ಕಾನೂನು ಇತಿಹಾಸ ಹೇಳಿದ್ರಿ, ಆ ತಾಯಿಗೆ ಏನು ಹೇಳ್ಬೇಕು ಅಂತ ಒಬ್ಬರೂ ಹೇಳ್ಲಿಲ್ಲ.

ನಮ್ಮ ಕಡೆ ಒಂದು ಮಾತುಂಟು, ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ ಅಂತ. ತಿರುಪತಿಗೆ ಹರಕೆ ಹೇಳಿದ ದುಡ್ಡು ತಪ್ಪಿಸ್ಲಿಕ್ಕೆ ಆಗುವುದಿಲ್ಲ, ಧರ್ಮಸ್ಥಳದ ಹೆಸರಲ್ಲಿ ಕೊಟ್ಟ ಮಾತು ತಪ್ಪಿಸ್ಲಿಕ್ಕೆ ಆಗುವುದಿಲ್ಲ. ನಿಮ್ಮ ಪಾರ್ಟಿ ಹುಡುಗರು ತಟ್ಟೆಯಲ್ಲಿ ಬೇರೆ ದೇವರನ್ನು ಬಿಟ್ಟು ಮಂಜುನಾಥನನ್ನೇ ಇಟ್ಟದ್ದು ಸುಮ್ಮನೆ ಅಲ್ಲ, ಅವರಿಗೆ ಸರಿಯಾಗಿ ಗೊತ್ತುಂಟು. ನೂರಾರು ವರ್ಷ ಜನ ಗದ್ದೆ ಗಡಿ, ಸಾಲ, ಅಣ್ಣತಮ್ಮಂದಿರ ಪಾಲು ಇದಕ್ಕೆಲ್ಲ ಅಲ್ಲಿಗೆ ಹೋಗಿ ಮಾತು ತೀರಿಸಿಕೊಂಡು ಬಂದ ಜಾಗ ಅದು. ಆ ಭರವಸೆಯನ್ನು ಇವರು ಸಾವಿರ ರೂಪಾಯಿಗೆ ಬಾಡಿಗೆಗೆ ತಗೊಂಡ್ರು.

ದೊಡ್ಡವರೂ ಅದನ್ನೇ ಮಾಡಿದ್ದಲ್ವಾ. 2011ರ ಜೂನ್ 27 ನೆನಪುಂಟಾ? ಯಡಿಯೂರಪ್ಪನವರು ಮುಖ್ಯಮಂತ್ರಿ, ಕುಮಾರಸ್ವಾಮಿಯವರ ಆರೋಪಕ್ಕೆ ಬನ್ನಿ ಮಂಜುನಾಥನ ಎದುರು ಆಣೆ ಮಾಡಿ ಅಂತ ಸವಾಲು ಹಾಕಿದ್ರು. ಇಬ್ಬರೂ ಬಂದ್ರು. ರಸ್ತೆಯಿಡೀ ಪೊಲೀಸ್, ಟಿವಿ ವ್ಯಾನು. ದರ್ಶನ ಮಾಡಿದ್ರು, ಹೋದ್ರು. ಎದುರುಬದುರು ನಿಂತು ಆಣೆ ಹಾಕುವುದು ನಡೀಲೇ ಇಲ್ಲ. ಸರಿಯಾಗಿ ಒಂದು ತಿಂಗಳಿಗೆ, ಜುಲೈ 27ಕ್ಕೆ, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂತು, 31ಕ್ಕೆ ಮುಖ್ಯಮಂತ್ರಿ ರಾಜೀನಾಮೆ. ಆಮೇಲೆ 2016ರಲ್ಲಿ ಸಿಬಿಐ ಕೋರ್ಟಲ್ಲಿ ಅವರ ಖುಲಾಸೆಯೂ ಆಯ್ತು. ನೋಡಿ, ಆರೋಪ ಎದ್ದದ್ದು ಕಾಗದದಲ್ಲಿ, ಬಿದ್ದದ್ದೂ ಕಾಗದದಲ್ಲಿ. ಅಷ್ಟು ದೊಡ್ಡವರಿಗೆ ದೇವರ ಎದುರು ಹೋಗಿಯೂ ಬಾಯಿ ತೆರೀದೇ ಬರ್ಲಿಕ್ಕೆ ಆಗ್ತದೆ, ನಿಮ್ಮ ತಾಯಿಗೆ ಮನೆ ಬಾಗಿಲಲ್ಲಿ ಆ ಸೌಕರ್ಯ ಇರ್ಲಿಲ್ಲ.

ಈಗ ವಿಷಯಕ್ಕೆ ಬರ್ತೇನೆ. ನಮ್ಮಜ್ಜ ಊರಲ್ಲಿ ಪಂಚಾಯ್ತಿಕೆ ಮಾಡುವವರು, ಅವರು ಹೇಳ್ತಿದ್ರು, ಹೆದರಿಸಿ ಹೇಳಿಸಿದ ಆಣೆ ಹೇಳಿಸಿದವನ ತಲೆಗೇ ಹೋಗ್ತದೆ ಅಂತ. ಇದು ಶಾಸ್ತ್ರದಲ್ಲಿ ಉಂಟೋ ಇಲ್ವೋ ನನ್ನನ್ನು ಕೇಳ್ಬೇಡಿ. ಆದರೂ ನಿಮ್ಮ ತಾಯಿ ಮನಸ್ಸು ಒಪ್ಪದಿದ್ರೆ ದಾರಿ ಉಂಟು, ತಪ್ಪು ಕಾಣಿಕೆ. ನಮ್ಮಲ್ಲಿ ಮಾತು ತಪ್ಪಿದವರೆಲ್ಲ ಮಾಡುವುದೇ ಅದು, ಒಂದು ಮುಡಿಪು ಕಟ್ಟಿಡುವುದು, ಹೋಗಿ ತಪ್ಪಾಯ್ತು ಅಂತ ಹೇಳಿ ಹುಂಡಿಗೆ ಹಾಕಿ ಬರುವುದು. ಅಲ್ಲಿಗೆ ಮುಗೀತು. ಮೂಢನಂಬಿಕೆ ಅಂತ ನೀವು ಅವರ ಜೊತೆ ವಾದ ಮಾಡಿದ್ರೆ ಗೆಲ್ಲುವುದು ಪುನಃ ಆ ತಟ್ಟೆ ಹುಡುಗರೇ. ನಂಬಿಕೆಯಲ್ಲಿ ಕಟ್ಟಿದ ಗಂಟು ನಂಬಿಕೆಯಲ್ಲೇ ಬಿಚ್ಚಿ.

ಬೀಡಿಕಟ್ಟು:

ಅಂದ್ರೆ ದುಡ್ಡು ಹಂಚಿದವನು ಪಾರು, ಬಸ್ ಚಾರ್ಜ್ ಅಮ್ಮಂದು. ಚೆನ್ನಾಗಿದೆ.

ಘಟ್ಟದ ಕೆಳಗಿನವ:

@ಬೀಡಿಕಟ್ಟು ಶಕ್ತಿ ಯೋಜನೆ ಉಂಟಲ್ಲ, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ 😀

ತೆಂಗಿನತೋಟ:

ಎಲ್ರಿಗೂ ಥ್ಯಾಂಕ್ಸ್. ಹೋದ ಶನಿವಾರ ಊರಿಗೆ ಹೋಗಿದ್ದೆ, ಬಂದು ಬರೀತಾ ಇದೀನಿ.

ಮೊದ್ಲು ಕರಿಕೋಟು ಅವರು ಹೇಳಿದ್ದನ್ನ ಹೇಳ್ದೆ. ಅಮ್ಮ, ಹಂಗೆ ಹೆದರ್ಸೋದು ಅಪರಾಧ ಅಂತ ಕಾನೂನಲ್ಲೇ ಬರೆದಿದೆ, ತಪ್ಪು ಅವರದ್ದು ಅಂತ. ರಾಗಿ ಕೇರ್ತಾ ಇದ್ರು, ಮೊರ ನಿಲ್ಲಿಸ್ಲಿಲ್ಲ. 'ಅವರ ತಪ್ಪಿಗೆ ಕಾನೂನು ಇರ್ಲಿ, ಕೈ ಇಟ್ಟಿದ್ದು ನಂದಲ್ವಾ' ಅಂದ್ರು. ಬೀಡಿಕಟ್ಟು ಕೇಳಿದ್ದನ್ನೂ ಸ್ವಲ್ಪ ಮೆತ್ತಗೆ ಮಾಡಿ ಕೇಳಿದೆ, ದುಡ್ಡು ಏನ್ ಮಾಡಿದೆ ಅಂತ. ಎದ್ದು ಒಳಗೆ ಹೋದ್ರು. ರಾಗಿ ಡ್ರಮ್ಮೊಳಗೆ ಕೈ ಹಾಕಿ ಅರಿಶಿನದ ಬಟ್ಟೆ ಗಂಟು ತಂದ್ರು. ಅದೇ ಎರಡು ನೋಟು, ಹಾಗೇ ಇದೆ, ಎಲೆಯ ಕಲೆ ಕೂಡ ಇದೆ ಒಂದರ ಮೇಲೆ. ಬೋರು ಕೆಟ್ಟಾಗ ನನ್ನ ಹತ್ರ ದುಡ್ಡು ಕೇಳೋಕೆ ಸಂಕೋಚ ಪಟ್ಟವರು ಇದನ್ನ ಮುಟ್ಟಿಲ್ಲ. ಘಟ್ಟದ ಕೆಳಗಿನವರು ಮುಡಿಪು ಅಂತ ಹೇಳಿದ್ರಲ್ಲ, ಅವರು ಹೇಳೋಕೆ ಮುಂಚೆನೇ ಇತ್ತು ಅದು ನಮ್ಮನೇಲಿ. ನಾನೇ ಮಗ ಆಗಿ ನೋಡಿಲ್ಲ.

ತಪ್ಪು ಕಾಣಿಕೆ ವಿಷಯ ಹೇಳಿದ್ ತಕ್ಷಣ ಮುಖ ಸಡಿಲ ಆಯ್ತು. ಮೇಷ್ಟ್ರು ಹೇಳಿದ ಅಜ್ಜಿ ಕತೆ ಹೇಳಿದೆ, ನಕ್ಕರು, 'ನಾನೂ ಕೇಳ್ಕೊಂಡೇ ಒತ್ತಿದ್ದು ಕಣೋ' ಅಂದ್ರು. ಯಾರನ್ನ ಅಂದೆ. 'ಅವನನ್ನೇ. ನಿಮ್ಮಪ್ಪನಿಗೆ ಗಾಡಿ ಕಳ್ಸಿದ್ದು ನಿಂಗೂ ಗೊತ್ತಲ್ಲಪ್ಪ, ಈಗ ನಾನೇನ್ ಮಾಡ್ಲಿ ಅಂದೆ.' ಸ್ವಾಮಿ ಏನಂದ ಅಂತ ನಾನು ಕೇಳ್ಬಾರದಿತ್ತು, ಕೇಳಿಬಿಟ್ಟೆ. ಮೊರ ಎತ್ಕೊಂಡು ಹಿತ್ತಲಿಗೆ ಹೋದ್ರು.

ಮುಂದಿನ ಸೋಮವಾರ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ತಿದೀನಿ. ಆ ಸಾವಿರದ ಜೊತೆ ತಮ್ಮದೂ ನೂರೊಂದು ಸೇರಿಸಿದಾರೆ, ಹಾಲಿನ ದುಡ್ಡಲ್ಲಿ. ಪಂಚಾಯ್ತಿ ಎಲೆಕ್ಷನ್‌ಗೆ ತಟ್ಟೆ ಮತ್ತೆ ಬಂದ್ರೆ ಏನ್ ಮಾಡ್ತೀಯ ಅಂತ ಬಸ್ ಸ್ಟ್ಯಾಂಡಲ್ಲಿ ಕೇಳ್ದೆ. ಅದನ್ನೂ ಯೋಚ್ನೆ ಮಾಡಿಟ್ಕೊಂಡಿದಾರೆ. 'ಅಲ್ಲೇ ಸ್ವಾಮಿ ಮುಂದೆ ಆಣೆ ಮಾಡ್ಬರ್ತೀನಿ, ಇನ್ಮೇಲೆ ವೋಟಿಗೆ ಆಣೆ ಮಾಡಲ್ಲ ಅಂತ. ಬರ್ಲಿ, ಧರ್ಮಸ್ಥಳದಲ್ಲಿ ಮಾತು ಕೊಟ್ಟಿದೀನಪ್ಪ, ಮುಟ್ಟಂಗಿಲ್ಲ ಅಂತೀನಿ.'